ದ್ವೀಪದ ಹೆಸರು ಹೊತ್ತ ಹಾವುರಾಣಿ

ನಮ್ಮ ಬೇತಮಂಗಲದ ಕಡೆ ಒಂದೇ ಪ್ರಾಣಿಗೆ ಮೂರು ಹೆಸರು. ಕನ್ನಡದಲ್ಲಿ ಹಾವುರಾಣಿ, ತೆಲುಗಿನಲ್ಲಿ ನಲಿಕಿರಿ, ಚಿನ್ನದ ಗಣಿಯ ತಮಿಳರಿಗೆ ಅರಣೈ. ‘ಅರಣೈ ಕಡಿದರೆ ಮರಣ’ ಎಂಬ ತಮಿಳು ಮಾತು ಇಲ್ಲಿ ಕನ್ನಡದ ಬಾಯಲ್ಲೂ ಓಡಾಡುತ್ತದೆ. ಹಾವುರಾಣಿಗೆ ವಿಷವೇ ಇಲ್ಲ. ಆದರೂ ಕಂಡೊಡನೆ ಕೋಲು ಹುಡುಕುತ್ತೇವೆ. ಗುರುತಿಸುವುದು ತಪ್ಪಿದರೆ ಒಂದು ಜೀವವೇ ಹೋಗುತ್ತದೆ ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಗುರುತಿಸುವ ಕಷ್ಟ ವಿದ್ವಾಂಸರಿಗೂ ಇದೆ. ಒಡಿಶಾದ ಚಿಲಿಕಾ ಸರೋವರದಲ್ಲಿ ಬರ್ಕುಡಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಸಿಕ್ಕಿದ, ಕಾಲುಗಳೇ ಇಲ್ಲದ ಹಾವುರಾಣಿಯೊಂದನ್ನು ನೆಲ್ಸನ್ ಅನಂಡೇಲ್ 1917ರಲ್ಲಿ ವಿವರಿಸಿದರು. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕರು ಅವರು. ಅದಕ್ಕೆ ಅವರಿಟ್ಟ ಹೆಸರು ‘ಬರ್ಕುಡಿಯ ಇನ್ಸುಲಾರಿಸ್’. ಕುಲದ ಹೆಸರು ದ್ವೀಪದ್ದು. ‘ಇನ್ಸುಲಾರಿಸ್’ ಎಂದರೆ ಲ್ಯಾಟಿನ್ನಿನಲ್ಲಿ ದ್ವೀಪಕ್ಕೆ ಸೇರಿದ್ದು. ಒಂದೇ ಪ್ರಾಣಿಯ ಮೇಲೆ ದ್ವೀಪದ ಮುದ್ರೆ ಎರಡು ಸಲ ಬಿತ್ತು.

ಆದರೆ ಪ್ರಾಣಿ ಹೆಸರಿನ ಗಡಿಯಲ್ಲಿ ನಿಲ್ಲಲಿಲ್ಲ. ಮುಂದೆ ಅದು ಭುವನೇಶ್ವರದ ಹತ್ತಿರದ ನಂದನಕಾನನದಲ್ಲೂ, ಅಂದರೆ ಗಟ್ಟಿ ನೆಲದ ಮೇಲೂ, ದೊರೆಯಿತು. 1950ರ ದಶಕದಲ್ಲಿ ವಿಶಾಖಪಟ್ಟಣದ ವಾಲ್ಟೇರಿನಲ್ಲಿ ಸಿಕ್ಕ ಕಾಲಿಲ್ಲದ ಹಾವುರಾಣಿಗಳನ್ನೂ ಮೊದಲು ಇದೇ ಜಾತಿಯೆಂದು ಬರೆದುಕೊಂಡರು. ಆದರೆ ಜರ್ಮನಿಯ ಶ್ನೈಡರ್ 1801ರಲ್ಲೇ ಅಂಥದೊಂದು ಪ್ರಾಣಿಗೆ ‘ಮೆಲನೋಸ್ಟಿಕ್ಟಾ’, ಕಪ್ಪು ಚುಕ್ಕೆಯದು, ಎಂದು ಹೆಸರಿಟ್ಟಿದ್ದರು. ಈಗ ವಿಶಾಖಪಟ್ಟಣದ್ದನ್ನು ಆ ಹೆಸರಿನ ಬೇರೆ ಜಾತಿಯೆಂದೇ ಎಣಿಸುತ್ತಾರೆ. ಮಳೆ ಬಿದ್ದೊಡನೆ ನಮ್ಮ ಕೆರೆಯಂಚಿನಲ್ಲಿ ವಟಗುಟ್ಟುವ ನೆಲಗಪ್ಪೆಗೂ ಅದೇ ವಿಶೇಷಣ ಕೊಟ್ಟವರು ಅದೇ ಶ್ನೈಡರ್, 1799ರಲ್ಲಿ.

ಹಾಗಾದರೆ ‘ದ್ವೀಪದ್ದು’ ಎಂಬ ಹೆಸರನ್ನು ಬದಲಿಸಬಾರದೇ? ಬದಲಿಸುವಂತಿಲ್ಲ. ಪ್ರಾಣಿನಾಮಕರಣದ ನಿಯಮದಂತೆ, ಅರ್ಥ ಹೊಂದುವುದಿಲ್ಲವೆಂಬ ಒಂದೇ ಕಾರಣಕ್ಕೆ ಹೆಸರನ್ನು ತೆಗೆದುಹಾಕಲಾಗದು. ಹೆಸರು ಪ್ರಾಣಿಯ ವರ್ಣನೆಯಲ್ಲ, ಕರೆಯುವ ಗುರುತು ಮಾತ್ರ. ಇತಿಹಾಸದ ವಿದ್ಯಾರ್ಥಿಯಾಗಿ ನಾನು ಅದನ್ನು ಇನ್ನೊಂದು ರೀತಿ ಓದುತ್ತೇನೆ: ‘ಇನ್ಸುಲಾರಿಸ್’ ಹೇಳುವುದು ಪ್ರಾಣಿ ಎಲ್ಲಿದೆ ಎಂಬುದನ್ನಲ್ಲ, ಹುಡುಕಿದವರು ಮೊದಲು ಎಲ್ಲಿ ಹುಡುಕಿದರು ಎಂಬುದನ್ನು.

ಹೆಸರು ನಂಬುವಂತಿಲ್ಲವಾದರೆ ಮೈಯನ್ನೇ ನೋಡಬೇಕು. ಹಾವಿಗೆ ಕಣ್ಣುರೆಪ್ಪೆಯಿಲ್ಲ, ನಮ್ಮ ಹಿತ್ತಲಿನ ಹಾವುರಾಣಿ ಕಣ್ಣು ಮಿಟುಕಿಸುತ್ತದೆ. ಹಾವಿಗೆ ಹೊರಗೆ ಕಾಣುವ ಕಿವಿಯ ತೂತಿಲ್ಲ; ಇದಕ್ಕೆ ಇದೆ. ಬಹುಪಾಲು ಹಾವುಗಳ ಹೊಟ್ಟೆಯಡಿ ಅಗಲವಾದ ಅಡ್ಡಪಟ್ಟಿ ಹುರುಪೆಗಳಿರುತ್ತವೆ. ಇದರದ್ದು ಸುತ್ತಲೂ ಒಂದೇ ತೆರನಾದ ಸಣ್ಣ, ಹೊಳೆಯುವ ಹುರುಪೆ. ಹಿಡಿದರೆ ಬಾಲ ಕಳಚಿ ಓಡುತ್ತದೆ.

ಇಷ್ಟು ನೋಡಲು ಪ್ರಯೋಗಾಲಯ ಬೇಡ, ಒಂದು ಗಳಿಗೆ ಕೈ ತಡೆದರೆ ಸಾಕು. ಬರ್ಕುಡಾದ ಹೆಸರು ತಪ್ಪು ವಿಳಾಸ ಹೇಳಿದರೂ ಆ ಪ್ರಾಣಿಗೆ ಕೆಡುಕಾಗಲಿಲ್ಲ. ನಮ್ಮೂರಿನ ಹೆಸರಿಗೆ ಮರಣವೆಂಬ ಪ್ರಾಸ ಅಂಟಿದೆ. ಅದರ ಬೆಲೆಯನ್ನು ಹಾವುರಾಣಿ ತೆರುತ್ತಿದೆ.