ಬೀಟಾ ಕೋಶವು ಸಕ್ಕರೆಯನ್ನರಿಯುವ ಬಗೆ: ಒಂದು ಚಾರಿತ್ರಿಕ ಅವಲೋಕನ

1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸನು ಮೇದೋಜೀರಕ ಗ್ರಂಥಿಯಲ್ಲಿ ವಿಲಕ್ಷಣವಾದ ಕೋಶಪುಂಜಗಳನ್ನು ಕಂಡನು. ಅವುಗಳ ಕಾರ್ಯವನ್ನು ಅರಿಯಲಿಲ್ಲ. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟರ ಪ್ರಯೋಗಗಳಿಂದ ಇನ್ಸುಲಿನ್ ದೊರೆತ ಮೇಲೆ ಅವುಗಳ ಮಹತ್ವ ನಿಸ್ಸಂದೇಹವಾಯಿತು. ಆದರೆ ರಕ್ತದಲ್ಲಿ ಸಕ್ಕರೆ ಹೆಚ್ಚಿತೆಂಬುದನ್ನು ಆ ಪುಂಜಗಳ ಬೀಟಾ ಕೋಶವು ಅರಿಯುವುದೆಂತು ಎಂಬ ಪ್ರಶ್ನೆ ಉಳಿದೇ ಇದ್ದಿತು.

ಈ ಚರಿತ್ರೆಯಲ್ಲಿ ಔಷಧವು ಅರಿವಿಗಿಂತ ಮುಂದಾಗಿ ಬಂದುದನ್ನು ನಾವು ಗಮನಿಸಬೇಕು. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ವಿಷಮಶೀತಜ್ವರದ ರೋಗಿಗಳಿಗೆ ಸಲ್ಫಾ ವರ್ಗದ ಮದ್ದೊಂದನ್ನು ಕೊಟ್ಟಾಗ ಕೆಲವರ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಿತು. ಮಧುಮೇಹದ ಮಾತ್ರೆಗಳಿಗೆ ಇದೇ ಮೂಲವಾಯಿತು. ಅವುಗಳ ಮರ್ಮ ತಿಳಿದುದು 1984-85ರ ಸಂಶೋಧನೆಗಳಿಂದ. ಬೀಟಾ ಕೋಶವು ಸಕ್ಕರೆಯನ್ನು ದಹಿಸಿದಷ್ಟೂ ಶಕ್ತಿವಾಹಕವಾದ ಎ.ಟಿ.ಪಿ. ಹೆಚ್ಚುತ್ತದೆ, ಅದರಿಂದ ಪೊರೆಯ ಪೊಟ್ಯಾಸಿಯಂ ದ್ವಾರಗಳು ಮುಚ್ಚಿ, ವಿದ್ಯುತ್‌ಸ್ಥಿತಿ ಬದಲಾಗಿ, ಕ್ಯಾಲ್ಸಿಯಂ ಒಳನುಗ್ಗಿ, ಇನ್ಸುಲಿನ್ ಸ್ರವಿಸುತ್ತದೆ. ಮಾತ್ರೆಗಳು ಮುಚ್ಚುವುದೂ ಇದೇ ದ್ವಾರಗಳನ್ನೇ.

ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಮಧುಮೇಹಕ್ಕೆ ತುತ್ತಾಗುವ ಕೆಲವು ಶಿಶುಗಳಲ್ಲಿ ಈ ದ್ವಾರವೇ ಮುಚ್ಚದಿರುವ ಆನುವಂಶಿಕ ದೋಷವಿರುವುದು 2004ರಲ್ಲಿ ಕಂಡುಬಂದಿತು. ಆ ಬಳಿಕ ಅಂತಹವರಲ್ಲಿ ಅನೇಕರು ನಿತ್ಯದ ಚುಚ್ಚುಮದ್ದನ್ನು ತೊರೆದು ಆ ಹಳೆಯ ಮಾತ್ರೆಗಳಿಂದಲೇ ಆರೋಗ್ಯವನ್ನು ಕಾಪಾಡಿಕೊಂಡಿದ್ದಾರೆ.