ಕಟ್ಟಿ ಮತ್ತು ಕಟ್ಟಳೆ

ಗಜೇಂದ್ರಗಡದ ಕಡೆಯ ಲಕ್ಕಲಕಟ್ಟಿಯ ಹೆಸರಿನ ತುದಿಯಲ್ಲಿ ಒಂದು ‘ಕಟ್ಟಿ’ ಕೂತಿದೆ. ಮೈಸೂರು ಕಡೆಯ ಕಟ್ಟೆಯೇ ನಮ್ಮ ಬಾಯಲ್ಲಿ ಕಟ್ಟಿ. ಹರಿಯುವ ನೀರಿಗೆ ಅಡ್ಡ ಹಾಕಿದ ಒಡ್ಡಿಗೂ ಬೇವಿನ ಬುಡಕ್ಕೆ ಕಲ್ಲು ಜೋಡಿಸಿದ ಜಗಲಿಗೂ ಅದೇ ಹೆಸರು. ಒಂದು ನೀರು ನಿಲ್ಲಿಸುತ್ತದೆ, ಇನ್ನೊಂದು ಮಂದಿಯನ್ನು ಕೂಡಿಸುತ್ತದೆ.

ಎರಡಕ್ಕೂ ಬೇರು ‘ಕಟ್ಟು’. ಕಟ್ಟುಪಾಡು, ಕಟ್ಟುನಿಟ್ಟು, ಕಟ್ಟಪ್ಪಣೆ, ಕಟ್ಟಳೆ ಎಲ್ಲ ಅದರ ಮಕ್ಕಳೇ. ಕೊನೆಯ ಎರಡನ್ನು ಅವಳಿಗಳೆಂದು ತಿಳಿಯುವವರುಂಟು. ಆದರೆ ಅಪ್ಪಣೆ ಕೊಟ್ಟವನನ್ನು ಹೊರಗೆ ಬಿಡುತ್ತದೆ; ಕಟ್ಟಳೆ ಮಾಡಿದವನನ್ನೂ ಸೇರಿಸಿಯೇ ಕಟ್ಟುತ್ತದೆ.

ಈ ವ್ಯತ್ಯಾಸವನ್ನು ದೇಶಕ್ಕೆ ತಿಳಿಸಿದ್ದು ನಮ್ಮ ಕಡೆಯದೇ ಒಂದು ದಾವೆ. 1989ರಲ್ಲಿ ಲಕ್ಕಲಕಟ್ಟಿಯೂ ಹುಬ್ಬಳ್ಳಿಯೂ ಒಂದೇ ಧಾರವಾಡ ಜಿಲ್ಲೆ, ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದಿದ್ದಾರೆಂಬ ಪತ್ರಗಳನ್ನು ನಂಬಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಏಪ್ರಿಲ್ 19ರಂದು ದಿಲ್ಲಿಗೆ ವರದಿ ಕಳಿಸಿದರು. ಮರುದಿನ ಅವರಲ್ಲೇ ಏಳು ಮಂದಿ, ತಪ್ಪು ಹೇಳಿ ಸಹಿ ಪಡೆದರೆಂದು ಬರೆದುಕೊಟ್ಟರು. ‘ಬೇಕಿದ್ದರೆ ಅಧಿವೇಶನ ಬೇಗ ಕರೆದು ಬಹುಮತ ತೋರಿಸುತ್ತೇನೆ’ ಎಂದು ಬೊಮ್ಮಾಯಿ ಹೇಳಿದರೂ 21ಕ್ಕೆ 356ನೇ ವಿಧಿ ಬಿತ್ತು. ಸರ್ಕಾರವೂ ಹೋಯಿತು, ವಿಧಾನಸಭೆಯೂ ಹೋಯಿತು. ಹೆಸರು ರಾಷ್ಟ್ರಪತಿ ಆಳ್ವಿಕೆ, ತೀರ್ಮಾನ ಕೇಂದ್ರ ಸಂಪುಟದ್ದು.

ನಮ್ಮೂರ ಕಡೆ ಹಿಂದೆ ಒಂದು, ಮುಂದೆ ಒಂದು ಮಾತಾಡುವವನಿಗೆ ಹಿರಿಯರು ಹೇಳುವುದಿಷ್ಟೇ: ‘ಅದನ್ನ ಕಟ್ಟಿ ಮ್ಯಾಲ ಬಂದು ಹೇಳಪಾ.’ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಬಹುಮತ ಅಳೆಯುವ ಜಾಗ ರಾಜಭವನದ ಕೋಣೆಯಲ್ಲ, ವಿಧಾನಸಭೆ. ರಾಷ್ಟ್ರಪತಿಯ ಘೋಷಣೆಗೆ ಆಧಾರವೇನೆಂದು ಕೋರ್ಟು ಕೇಳಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ; ಘೋಷಣೆ ತಪ್ಪೆಂದು ಕಂಡರೆ ಹೋದ ಸರ್ಕಾರವನ್ನು ಮರಳಿ ಕೂರಿಸಲೂಬಹುದು. ಕಟ್ಟಪ್ಪಣೆಗೇ ಕಟ್ಟಳೆ ಬಿತ್ತು.

ಬೊಮ್ಮಾಯಿಯವರಿಗೆ ಮಾತ್ರ ಇದರಿಂದ ಏನೂ ದಕ್ಕಲಿಲ್ಲ. ಅವರನ್ನು ಇಳಿಸಿದ್ದು ಸಂವಿಧಾನಬಾಹಿರವೆಂದು ಕೋರ್ಟು ಹೇಳುವ ಹೊತ್ತಿಗೆ ಐದು ವರ್ಷ ಸರಿದಿತ್ತು, ಚುನಾವಣೆ ಮುಗಿದು ಹೊಸ ವಿಧಾನಸಭೆ ಬಂದಿತ್ತು. ದಕ್ಕಿದ್ದು ಹಿಂದಿನಿಂದ ಬಂದವರಿಗೆ. 2018ರ ಮೇ ತಿಂಗಳಲ್ಲಿ ಬಹುಮತ ತೋರಿಸಲು ರಾಜ್ಯಪಾಲರು ಬಿ.ಎಸ್. ಯಡಿಯೂರಪ್ಪನವರಿಗೆ ಹದಿನೈದು ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು ‘ನಾಳೆಯೇ ತೋರಿಸಿ’ ಎಂದಿತು. 19ರ ಸಂಜೆ, ಮತಕ್ಕೆ ಹಾಕುವ ಮೊದಲೇ, ಅವರು ರಾಜೀನಾಮೆ ಕೊಟ್ಟರು.