ಹೆಣ್ಣು ಆದೋನಿ, ಗಂಡು ಬಳ್ಳಾರಿ: ಸಂಸಾರ ಯಾವ ರಾಜ್ಯದಲ್ಲಿ?

ಗಂಡ ಒಂದು ದೇಶದವ, ಹೆಂಡತಿ ಇನ್ನೊಂದು ದೇಶದವಳು ಎಂದಾದರೆ ಎಲ್ಲಿ ಬದುಕುವುದು ಎಂಬ ಮಾತು ನಿಕಾಹ್‌ಗೆ ಮೊದಲೇ ಬರುತ್ತದೆ. ವೀಸಾ ಕೇಳುತ್ತಾರೆ, ಸಂಬಳದ ಲೆಕ್ಕ ಕೇಳುತ್ತಾರೆ, ಆದ್ದರಿಂದ ಕುಳಿತು ಯೋಚಿಸಲೇಬೇಕು. ಒಂದೇ ದೇಶದ ಎರಡು ರಾಜ್ಯಗಳ ನಡುವೆ ಸಂಬಂಧ ಕುದುರಿದರೆ ಯಾರೂ ಏನೂ ಕೇಳುವುದಿಲ್ಲ. ಬಸ್ ಹತ್ತಿದರೆ ಆಯಿತು. ಕೇಳುವವರಿಲ್ಲ ಎಂಬ ಕಾರಣಕ್ಕೇ ಇಲ್ಲಿ ಲೆಕ್ಕ ತಪ್ಪುವುದು. ತಪ್ಪಿದ್ದು ಗೊತ್ತಾಗುವುದು ಹದಿನೇಳು ವರ್ಷ ಕಳೆದು, ಮಗ ಅಥವಾ ಮಗಳು ಸಿಇಟಿ ಅರ್ಜಿ ತುಂಬಲು ಕುಳಿತಾಗ.

ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಮಂತ್ರಾಲಯದ ಕಡೆ ಇದು ದಿನನಿತ್ಯದ ವಿಷಯ. ಒಂದು ಕಡೆ ಬಳ್ಳಾರಿ, ಸಿರುಗುಪ್ಪ. ಇನ್ನೊಂದು ಕಡೆ ರಾಯಚೂರು. ಹೆಣ್ಣು ಕೊಡುವುದು, ತರುವುದು ಈ ಊರುಗಳ ನಡುವೆಯೇ. ಕರಾವಳಿ ಬಿಟ್ಟು ಆ ಕಡೆ ಅಂಗಡಿ, ಬೇಕರಿ, ಹೋಟೆಲ್ ಇಟ್ಟು ಅಲ್ಲಿಯೇ ಸಂಬಂಧ ಮಾಡಿಕೊಳ್ಳುವ ಬ್ಯಾರಿ ಯುವಕರಿಗೂ ಈ ಲೆಕ್ಕ ತಿಳಿದಿರಬೇಕು.

ಗಡಿ ಬಂದದ್ದು 1953ರಲ್ಲಿ

ಆದೋನಿ ಹಿಂದೆ ಬಳ್ಳಾರಿ ಜಿಲ್ಲೆಯದ್ದೇ ಒಂದು ತಾಲೂಕು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಆ ಜಿಲ್ಲೆಯನ್ನು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವಾಗ ಒಡೆದರು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕಿನ ಬಗ್ಗೆ ಜಗಳ ಜೋರಾಗಿ, ಮಿಶ್ರಾ ಆಯೋಗದ ವರದಿಯ ನಂತರ ಅದೂ ಮೈಸೂರಿಗೆ ಸೇರಿತು. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದರೆ ರಾಯದುರ್ಗ ಅನಂತಪುರಕ್ಕೆ ಹೋಯಿತು.

ಹಾಗಾಗಿ ಅಲ್ಲಿ ಗಡಿ ದಾಟಿದ್ದು ಜನ ಅಲ್ಲ, ಗಡಿಯೇ ಜನರ ನಡುವೆ ಬಂದದ್ದು. ಆದೋನಿ ಪೇಟೆಯಲ್ಲಿ ಇವತ್ತಿಗೂ ತೆಲುಗು, ಕನ್ನಡ, ದಖ್ಖನಿ ಉರ್ದು ಮೂರೂ ನಡೆಯುತ್ತವೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಆದೋನಿ ಆಳಿದ ಸಿದ್ದಿ ಮಸೂದ್ ಖಾನ್ 17ನೇ ಶತಮಾನದಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿ ಊರಿನ ಗುರುತು. ಹತ್ತಿ ವ್ಯಾಪಾರ ಊರಿನ ಜೀವ. 1953ಕ್ಕೆ ಮೊದಲು ಆದೋನಿಯ ಹುಡುಗಿ ಬಳ್ಳಾರಿಗೆ ಸೊಸೆಯಾಗಿ ಹೋದರೆ ಅದು ಜಿಲ್ಲೆಯೊಳಗಿನ ಮದುವೆ. ಆ ಮೇಲೆ ಅದು ಅಂತರರಾಜ್ಯ ಮದುವೆ.

ಸಂವಿಧಾನದಲ್ಲಿ ಬೇರೆ ಬೇರೆ ವಿಧಿಗಳು ಬರುವ ತನಕ ಈ ವ್ಯತ್ಯಾಸ ಅಷ್ಟೇನೂ ತಟ್ಟಲಿಲ್ಲ. ಈಗ ಗಡಿಯ ಆ ಕಡೆ 371-ಡಿ, ಈ ಕಡೆ 371-ಜೆ. ಎರಡೂ ಸ್ಥಳೀಯರಿಗೆ ಸೀಟು, ನೌಕರಿ ಮೀಸಲಿಡುವ ವಿಧಿಗಳೇ. ಆದರೆ 'ಸ್ಥಳೀಯ ಯಾರು' ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರ ಬೇರೆ ಬೇರೆ.

ಆದೋನಿ ಕೇಳುವುದು: ಎಲ್ಲಿ ಓದಿದ್ದು?

371-ಡಿ ವಿಧಿ 1973ರ 32ನೇ ತಿದ್ದುಪಡಿಯಿಂದ ಬಂತು. ಅದರಡಿ ಬಂದ ರಾಷ್ಟ್ರಪತಿ ಆದೇಶದಂತೆ ಆಂಧ್ರದ ಕಾಲೇಜು ಸೀಟುಗಳಲ್ಲಿ 85 ಶೇಕಡಾ ಆಯಾ ಪ್ರದೇಶದ ಸ್ಥಳೀಯರಿಗೆ. ಕರ್ನೂಲು ಜಿಲ್ಲೆ ಬರುವುದು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರದೇಶದಲ್ಲಿ.

ಇಲ್ಲಿ ಹುಟ್ಟಿದ ಊರಿಗೆ ಬೆಲೆ ಇಲ್ಲ. ಅರ್ಹತಾ ಪರೀಕ್ಷೆಯ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿರಬೇಕು. ಎಂಜಿನಿಯರಿಂಗ್, ಮೆಡಿಕಲ್‌ಗೆ ಅರ್ಹತಾ ಪರೀಕ್ಷೆ ಇಂಟರ್. ಅಂದರೆ 9, 10, ಇಂಟರ್ ಎರಡು ವರ್ಷ ಲೆಕ್ಕಕ್ಕೆ ಬರುತ್ತವೆ. ನಾಲ್ಕು ವರ್ಷ ಒಂದೇ ಪ್ರದೇಶದಲ್ಲಿ ಆಗದೆ ರಾಜ್ಯದೊಳಗೇ ಅಲ್ಲಿ ಇಲ್ಲಿ ಓದಿದವರಿಗೆ ಏಳು ವರ್ಷದ ಇನ್ನೊಂದು ಲೆಕ್ಕ ಉಂಟು, ಆದರೆ ಅದು ಹೊರರಾಜ್ಯದಲ್ಲಿ ಓದಿ ಬಂದವರಿಗೆ ಉಪಯೋಗಕ್ಕಿಲ್ಲ. ಸರ್ಕಾರಿ ನೌಕರಿಯ 1975ರ ಆದೇಶದಲ್ಲಿ ಹತ್ತನೇ ತರಗತಿಗೆ ಮುಗಿಯುವ ನಾಲ್ಕು ವರ್ಷ ನೋಡುತ್ತಾರೆ. ಹಾಗಾಗಿ ಎಂಟನೇ ತನಕ ಬಳ್ಳಾರಿಯಲ್ಲಿ ಓದಿ ಒಂಬತ್ತಕ್ಕೆ ಆದೋನಿಗೆ ಬಂದ ಹುಡುಗ ಕಾಲೇಜಿಗೆ ಸ್ಥಳೀಯ, ಆ ಆದೇಶದ ಪ್ರಕಾರ ನೌಕರಿಗೆ ಅಲ್ಲ. ಒಂದೇ ಹುಡುಗ, ಒಂದೇ ಊರು!

ಉಳಿದ 15 ಶೇಕಡಾ ಸೀಟಿಗೆ ಸ್ಪರ್ಧಿಸಲು ಒಂದು ಬಾಗಿಲು ತೆರೆದಿದೆ. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಆಂಧ್ರದಲ್ಲಿ ಒಟ್ಟು ಹತ್ತು ವರ್ಷ ವಾಸವಿದ್ದರೆ ಮಗು ಅರ್ಜಿ ಹಾಕಬಹುದು. ಆದೋನಿಯಲ್ಲಿ ಹುಟ್ಟಿ ಬೆಳೆದ ತಾಯಿ ಬಳ್ಳಾರಿಗೆ ಸೊಸೆಯಾಗಿ ಹೋದರೂ ತನ್ನ ಮಕ್ಕಳಿಗೆ ಈ ದಾರಿ ಉಳಿಸಿಕೊಟ್ಟಿರುತ್ತಾಳೆ. ತಾಯಿಯ ಶಾಲೆಯ ಸ್ಟಡಿ ಸರ್ಟಿಫಿಕೇಟ್, ತವರಿನ ಹಳೆ ರೇಷನ್ ಕಾರ್ಡ್ ಬಿಸಾಡಬಾರದು ಎನ್ನುವುದು ಇದಕ್ಕೇ.

ಬಳ್ಳಾರಿ ಕೇಳುವುದು: ಎಲ್ಲಿ ಹುಟ್ಟಿದ್ದು?

371-ಜೆ ಬಂದದ್ದು 98ನೇ ತಿದ್ದುಪಡಿಯಿಂದ. 2012ರಲ್ಲಿ ಸಂಸತ್ತು ಒಪ್ಪಿತು, 2013ರಲ್ಲಿ ಜಾರಿಯಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಮತ್ತು ಬಳ್ಳಾರಿಯಿಂದ ಒಡೆದ ವಿಜಯನಗರ ಜಿಲ್ಲೆಗಳಿಗೆ ಇದು ಅನ್ವಯ. ಆ ಭಾಗದ ಕಾಲೇಜುಗಳಲ್ಲಿ 70 ಶೇಕಡಾ, ರಾಜ್ಯದ ಉಳಿದ ಕಡೆ 8 ಶೇಕಡಾ ಸೀಟು ಕಲ್ಯಾಣ ಕರ್ನಾಟಕದವರಿಗೆ. ಆ ಭಾಗದ ನೌಕರಿಯಲ್ಲಿ ಎ, ಬಿ ಗುಂಪಿಗೆ 75, ಸಿ ಗುಂಪಿಗೆ 80, ಡಿ ಗುಂಪಿಗೆ 85 ಶೇಕಡಾ. ವಿಮ್ಸ್ ಎಂದೇ ಜನ ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಈ ಭಾಗದಲ್ಲೇ ಇರುವುದರಿಂದ 371-ಜೆ ಸರ್ಟಿಫಿಕೇಟ್‌ಗೆ ಅಲ್ಲಿ ಎಷ್ಟು ಬೆಲೆ ಎಂದು ಬೇರೆ ಹೇಳಬೇಕಿಲ್ಲ.

ಈ ವಿಧಿ ನೋಡುವುದು ಹುಟ್ಟು ಅಥವಾ ಕಾಯಂ ವಾಸವನ್ನು. ಇಲ್ಲಿಯೇ ನಮ್ಮ ಮನೆಗಳ ಒಂದು ಪದ್ಧತಿ ಅಡ್ಡ ಬರುವುದು. ಚೊಚ್ಚಲ ಹೆರಿಗೆ ತವರಿನಲ್ಲಿ. ಬಳ್ಳಾರಿ ಸೊಸೆ ಹೆರಿಗೆಗೆ ಆದೋನಿಗೆ ಹೋದರೆ ಮಗುವಿನ ಜನನ ಪ್ರಮಾಣಪತ್ರದಲ್ಲಿ ಬರುವ ಊರು ಆದೋನಿ. ಹುಟ್ಟಿನ ನೇರ ದಾರಿ ಅಲ್ಲಿಗೆ ಮುಚ್ಚಿತು. ಮತ್ತೆ ತಂದೆಯ ದಾಖಲೆ, ವಾಸದ ದಾಖಲೆ ಹಿಡಿದು ಉಪವಿಭಾಗಾಧಿಕಾರಿ ಕಚೇರಿಗೆ ಓಡಾಟ. ತಿರುಗಿಸಿ ನೋಡಿದರೆ, ಬಳ್ಳಾರಿಯ ಮಗಳು ಆದೋನಿಗೆ ಮದುವೆಯಾಗಿ ಹೋದರೂ ತಾನು ಬಳ್ಳಾರಿಯಲ್ಲಿ ಹುಟ್ಟಿದವಳು ಎಂಬುದು ಮದುವೆಯಿಂದ ಬದಲಾಗುವುದಿಲ್ಲ.

2023ರ ಅಕ್ಟೋಬರ್ 1ರಿಂದ ಜನನ ನೋಂದಣಿ ಕಾನೂನು ಇನ್ನೂ ಬಿಗಿಯಾಗಿದೆ. ಆ ದಿನದ ನಂತರ ಹುಟ್ಟಿದ ಮಗುವಿಗೆ ಶಾಲೆ ಸೇರಿಸುವಾಗಲೂ ಪಾಸ್‌ಪೋರ್ಟ್ ಮಾಡಿಸುವಾಗಲೂ ಹುಟ್ಟಿದ ದಿನ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಪುರಾವೆ. ನೋಂದಣಿಗೆ ಕೊಟ್ಟಿರುವ ಅವಧಿ 21 ದಿನ. ಹಾಗೆಂದು ಸರ್ಟಿಫಿಕೇಟ್ ಆಸೆಗೆ ತಾಯಿಯ ಆರೈಕೆ ಬಿಡಬೇಕೆಂದಲ್ಲ. ಬಾಣಂತನ ಯಾರು ಮಾಡುತ್ತಾರೆ, ಯಾವ ಆಸ್ಪತ್ರೆ ಒಳ್ಳೆಯದು ಎನ್ನುವುದು ಮೊದಲು. ಊರಿನ ಹೆಸರು ನಂತರ.

ಮಂಗಳೂರು, ಬಂಟ್ವಾಳ, ಪುತ್ತೂರಿನವರಿಗೆ 371-ಜೆ ಇಲ್ಲ. ಅವರಿಗೂ ಬಳ್ಳಾರಿಯವರಿಗೂ ಸಮಾನವಾಗಿ ಬೇಕಾದದ್ದು ಕರ್ನಾಟಕದ ಸಿಇಟಿ ಅರ್ಹತೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಹತ್ತನೇ ಅಥವಾ ಪಿಯುಸಿ ಎರಡರಲ್ಲಿ ಒಂದನ್ನು ಇಲ್ಲಿಂದಲೇ ಪಾಸಾಗಿರಬೇಕು. ಇನ್ನೊಂದು ದಾರಿಯಲ್ಲಿ ಮಗು ಪಿಯುಸಿ ಎರಡು ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸಾಕು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಂಗಳಿವೆ. ಆಯಾ ವರ್ಷದ ಸಿಇಟಿ ಪುಸ್ತಿಕೆಯಲ್ಲಿ ಅವುಗಳನ್ನು ಅಕ್ಷರ ಬಿಡದೆ ಓದಿಕೊಳ್ಳಬೇಕು.

ಲೆಕ್ಕ ಹಾಕಿ ನೋಡಿದರೆ

ಒಬ್ಬ ಹುಡುಗ ಒಂದರಿಂದ ಎಂಟನೇ ತನಕ ಬಳ್ಳಾರಿಯಲ್ಲಿ ಓದಿದ ಎಂದಿಟ್ಟುಕೊಳ್ಳಿ. ಅಪ್ಪನ ಅಂಗಡಿ ಆದೋನಿಗೆ ಬಂತು, 9ರಿಂದ ಇಂಟರ್ ತನಕ ಅಲ್ಲಿ ಓದಿದ. ಆಂಧ್ರದಲ್ಲಿ ನಾಲ್ಕು ವರ್ಷ ತುಂಬಿತು, ಸೀಟಿಗೆ ಸ್ಥಳೀಯ. ಕರ್ನಾಟಕದಲ್ಲಿ ಎಂಟು ವರ್ಷ ಓದಿದ್ದರೂ ಹತ್ತನೆಯದಾಗಲಿ ಪಿಯುಸಿಯಾಗಲಿ ಇಲ್ಲಿ ಪಾಸಾಗಿಲ್ಲ, ಏಳು ವರ್ಷದ ಕಲಂ ಅವನಿಗೆ ಸಿಗದು.

ಅವನ ತಂಗಿ ಐದನೇ ತನಕ ಬಳ್ಳಾರಿ, 6ರಿಂದ 10 ಆದೋನಿ, ಪಿಯುಸಿಗೆ ಕೋಚಿಂಗ್ ಚೆನ್ನಾಗಿದೆ ಎಂದು ಮತ್ತೆ ಬಳ್ಳಾರಿ. ಐದಕ್ಕೆ ಎರಡು ಕೂಡಿದರೆ ಏಳು. ಕರ್ನಾಟಕಕ್ಕೆ ಸರಿಯಾಗಿ ಕೂತಿತು. ಆಂಧ್ರದಲ್ಲಿ ಸ್ಥಳೀಯತೆ ಹೋಯಿತು. ಇದೇ ಹುಡುಗಿ ಒಂದು ವರ್ಷ ಮೊದಲು, ನಾಲ್ಕನೇ ಮುಗಿಸಿ ಹೋಗಿದ್ದರೆ? ಆರೇ ವರ್ಷ. ಆಗ ಅಪ್ಪ ಅಮ್ಮನ ಓದು ನೋಡಬೇಕು. ಅಪ್ಪ ಐದನೇ ತರಗತಿಗೇ ಶಾಲೆ ಬಿಟ್ಟು ಅಂಗಡಿಗೆ ಕೂತವನಾದರೆ, ಅಮ್ಮ ಓದಿದ್ದು ಆದೋನಿಯಲ್ಲಾದರೆ, ಆ ದಾರಿಯೂ ಇಲ್ಲ. ವ್ಯಾಪಾರಸ್ಥರ ಮನೆಗಳಲ್ಲಿ ಇಂಥ ಅಪ್ಪಂದಿರು ಕಡಿಮೆ ಏನಲ್ಲ.

ಆದ್ದರಿಂದ ಅಂಗಡಿ ಯಾವಾಗ ಬದಲಿಸುವುದು ಎನ್ನುವುದನ್ನು ಬಾಡಿಗೆ ಕರಾರು ನೋಡಿ ಮಾತ್ರ ತೀರ್ಮಾನಿಸಿದರೆ ಸಾಲದು, ಮಕ್ಕಳ ತರಗತಿಯನ್ನೂ ನೋಡಬೇಕು. ಒಂಬತ್ತನೇ ತರಗತಿ ಶುರುವಾಗುವ ಜೂನ್ ತಿಂಗಳು ಕೊನೆಯ ಗಡುವು ಎಂದು ತಿಳಿದುಕೊಂಡರೆ ಒಳ್ಳೆಯದು. ಆ ಮೇಲೆ ರಾಜ್ಯ ಬದಲಿಸಿದರೆ ಎರಡೂ ಕಡೆ ಅರ್ಧಂಬರ್ಧ ಆಗುವ ಅಪಾಯ ಹೆಚ್ಚು.

ಒಂದೇ ಕುಲ, ಎರಡು ಪಟ್ಟಿ

ಮೀಸಲಾತಿ ವಿಷಯ ಬಂದರೆ ಗೊಂದಲ ಇನ್ನೂ ಜಾಸ್ತಿ. ಕರ್ನಾಟಕದಲ್ಲಿ ಮುಸ್ಲಿಮರು 2ಬಿ ಪ್ರವರ್ಗದಲ್ಲಿ, 4 ಶೇಕಡಾ. 2023ರ ಮಾರ್ಚ್‌ನಲ್ಲಿ ಅಂದಿನ ಸರ್ಕಾರ ಇದನ್ನು ತೆಗೆದು ಆದೇಶ ಮಾಡಿತ್ತು, ನಂತರ ಸುಪ್ರೀಂ ಕೋರ್ಟಿನಲ್ಲಿ ಅದನ್ನು ಸದ್ಯ ಜಾರಿ ಮಾಡುವುದಿಲ್ಲ ಎಂದು ಹೇಳಿತು. ಆಂಧ್ರದಲ್ಲಿ ಇರುವುದು ಬಿಸಿ-ಇ, ಅದೂ 4 ಶೇಕಡಾ, 2007ರ ಕಾಯ್ದೆಯಂತೆ. ಹೈಕೋರ್ಟ್ 2010ರಲ್ಲಿ ರದ್ದು ಮಾಡಿದರೂ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ ಮುಂದುವರಿದಿದೆ.

ಎರಡೂ 4 ಶೇಕಡಾ ಆದರೂ ಒಳಗಿರುವವರು ಒಂದೇ ಅಲ್ಲ. ಬಿಸಿ-ಇ ಪಟ್ಟಿಯಲ್ಲಿ ಶೇಖ್, ಲಬ್ಬಿ, ಫಕೀರ್ ಮುಂತಾದವರು ಇದ್ದಾರೆ. ಸೈಯದ್, ಪಠಾಣ್, ಮೊಘಲ್, ನವಾಯತ್ ಮೊದಲಾದವರು ಹೊರಗೆ. ಬಳ್ಳಾರಿಯಲ್ಲಿ 2ಬಿ ಸೌಲಭ್ಯ ಇರುವ ಸೈಯದ್ ಕುಟುಂಬ ಆದೋನಿಗೆ ಹೋದರೆ ಅಲ್ಲಿ ಬಿಸಿ-ಇ ಕೇಳಲು ಆಗುವುದಿಲ್ಲ. ಹತ್ತಿ ಹಿಂಜುವ ಕುಲಕಸುಬಿನ ಪಿಂಜಾರ, ನದಾಫರು ಕರ್ನಾಟಕದಲ್ಲಿ ಪ್ರವರ್ಗ 1ರಲ್ಲಿ ಬರುತ್ತಾರೆ. ಅವರ ನೆಂಟರೇ ಆದ ದೂದೇಕುಲದವರು ಆಂಧ್ರದಲ್ಲಿ ಬಿಸಿ-ಬಿ.

ಊರು ಬದಲಿಸಿದರೆ ಹಳೆಯ ರಾಜ್ಯದ ಸರ್ಟಿಫಿಕೇಟ್ ಜೊತೆಗೆ ಬರುವುದಿಲ್ಲ. ಪರಿಶಿಷ್ಟರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಿಂದ ಇದನ್ನೇ ಹೇಳುತ್ತಾ ಬಂದಿದೆ. ಹಿಂದುಳಿದ ವರ್ಗಗಳ ಪಟ್ಟಿಯೂ ಆಯಾ ರಾಜ್ಯದ್ದೇ.

ಮನೆಯೊಳಗಿನ ವ್ಯತ್ಯಾಸಗಳು

ಸರ್ಕಾರಿ ಸೌಲಭ್ಯಗಳೂ ವಿಳಾಸ ನೋಡಿಯೇ ಸಿಗುವುದು. ಕರ್ನಾಟಕದಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ, 2023ರ ಜೂನ್‌ನಿಂದ ಶಕ್ತಿ ಬಸ್. ಆಂಧ್ರದಲ್ಲಿ ಶಾಲೆಗೆ ಹೋಗುವ ಮಕ್ಕಳ ತಾಯಿಗೆ ತಲ್ಲಿಕಿ ವಂದನಂ, 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಉಚಿತ ಬಸ್. ಆಧಾರ್ ಒಂದು ರಾಜ್ಯದ್ದು, ರೇಷನ್ ಕಾರ್ಡ್ ಇನ್ನೊಂದರದ್ದು ಎಂದಿಟ್ಟುಕೊಂಡು ಎರಡು ಕಡೆಯೂ ಪಡೆಯಲು ನೋಡಿದರೆ ಕೊನೆಗೆ ಎರಡೂ ತಪ್ಪುತ್ತದೆ. ಮತದಾರರ ಪಟ್ಟಿಯಲ್ಲಿ ಎರಡು ಕಡೆ ಹೆಸರಿರುವುದಂತೂ ಕಾನೂನುಬಾಹಿರ.

ಬ್ಯಾರಿಗಳು ಶಾಫಿಈ ಮದ್‌ಹಬ್‌ನವರು, ಆದೋನಿ ಕಡೆಯವರು ಹೆಚ್ಚಾಗಿ ಹನಫಿಗಳು. ಅಸರ್ ಸಮಯವೇ ಬೇರೆ. ನಿಕಾಹ್‌ನಲ್ಲಿ ಶಾಫಿಈಗಳಿಗೆ ವಲಿ ಕಡ್ಡಾಯ, ಹನಫಿಗಳಲ್ಲಿ ಪ್ರಾಯಕ್ಕೆ ಬಂದ ಹೆಣ್ಣಿನ ವಿಷಯದಲ್ಲಿ ನಿಯಮ ಸಡಿಲ. ಎರಡೂ ಕಡೆಯ ಉಸ್ತಾದರು ಮೊದಲೇ ಕುಳಿತು ಮಾತಾಡಿದರೆ ಇದು ಸಮಸ್ಯೆಯೇ ಅಲ್ಲ. ನಿಜವಾದ ಕಷ್ಟ ಭಾಷೆಯದ್ದು. ಅಪ್ಪನದ್ದು ಬ್ಯಾರಿ, ಅಮ್ಮನದ್ದು ಉರ್ದು, ಶಾಲೆಯದ್ದು ತೆಲುಗು. ಆದೋನಿಯಲ್ಲಿ ಬೆಳೆದ ಮಗು ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಲು ಪರದಾಡುತ್ತದೆ. ಮುಂದೆ ಕರ್ನಾಟಕದ ಸರ್ಕಾರಿ ನೌಕರಿಗೆ ಹೋದರೆ ಕನ್ನಡ ಪರೀಕ್ಷೆ ಬೇರೆ. ಬ್ಯಾರಿಯನ್ನು ಯಾವ ಶಾಲೆಯೂ ಕಲಿಸಿಕೊಡುವುದಿಲ್ಲ, ಅದು ಮನೆಯಲ್ಲೇ ಆಗಬೇಕಾದ ಕೆಲಸ.

ಗಲ್ಫ್ ಸೇರಿಕೊಂಡರೆ

ಗಂಡ ದುಬೈಯಲ್ಲೋ ಜುಬೈಲ್‌ನಲ್ಲೋ ಇದ್ದರೆ ಲೆಕ್ಕಕ್ಕೆ ಮೂರನೇ ಊರು ಸೇರುತ್ತದೆ. ಅಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಸೌದಿಯಲ್ಲಿ 2017ರಿಂದ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, 2020ಕ್ಕೆ ಅದು 400 ಆಯಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದವರು ಎಷ್ಟೋ ಮಂದಿ. ಹಾಗೆ ಕಳುಹಿಸುವಾಗ ತವರಿಗೋ ಗಂಡನ ಮನೆಗೋ ಎನ್ನುವುದನ್ನು ಜಗಳ ಆಗದ ಹಾಗೆ ತೀರ್ಮಾನಿಸುತ್ತಾರೆ, ಮಗು ಎಷ್ಟನೇ ತರಗತಿ ಎಂದು ಯಾರೂ ಕೇಳುವುದಿಲ್ಲ. ಗಲ್ಫ್‌ನ ಶಾಲೆಯಲ್ಲಿ ಕಳೆದ ವರ್ಷಗಳು ಆದೋನಿಯ ನಾಲ್ಕಕ್ಕೂ ಸೇರುವುದಿಲ್ಲ, ಕರ್ನಾಟಕದ ಏಳಕ್ಕೂ ಸೇರುವುದಿಲ್ಲ.

ಸಂಗಾತಿ ನಿಜವಾಗಿಯೂ ಬೇರೆ ದೇಶದ ಪ್ರಜೆಯಾದರೆ, ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದ ಮೇಲೆ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಿಗೆ ಇದು ಇಲ್ಲ. ತಲಾಕ್ ಆದರೆ ಕಾರ್ಡ್ ರದ್ದಾಗಬಹುದು. ಪೌರತ್ವಕ್ಕೆ ಏಳು ವರ್ಷ ಭಾರತದಲ್ಲಿ ವಾಸ ಬೇಕು.

ಮದುವೆ ನೋಂದಣಿಯನ್ನು ಮಾತ್ರ ಎಲ್ಲರೂ ಮಾಡಿಸಬೇಕು. ಜಮಾಅತ್‌ನ ನಿಕಾಹ್ ಪುಸ್ತಕದ ಪ್ರತಿ ಇದ್ದರೂ ನೋಂದಣಾಧಿಕಾರಿಯ ಪ್ರಮಾಣಪತ್ರ ಬೇರೆ ಬೇಕು. ಕರ್ನಾಟಕದಲ್ಲಿ ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿದ್ದ 2023ರ ಆದೇಶಕ್ಕೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ತಡೆ ಕೊಟ್ಟಿತು. ಆಂಧ್ರದಲ್ಲಿ 2002ರ ಕಾಯ್ದೆಯಂತೆ ನೋಂದಣಿ ಕಡ್ಡಾಯ. ನಿಕಾಹ್ ಯಾವ ಊರಿನಲ್ಲಿ ಆಗುತ್ತದೋ ಆ ಊರಿನ ಕಚೇರಿಯಲ್ಲಿ, ವಲೀಮಾ ಮುಗಿದು ನೆಂಟರು ಹೊರಡುವ ಮೊದಲೇ ಮಾಡಿಸಿದರೆ ಸಾಕ್ಷಿಗಳನ್ನು ಮತ್ತೆ ಗಡಿ ದಾಟಿಸಿ ಕರೆಸುವ ಖರ್ಚು ಉಳಿಯುತ್ತದೆ.